ಮೊದಲ ‘ಬೇಡ’ವನ್ನೇ ನಂಬಿಬಿಟ್ಟ ಯಂತ್ರಕ್ಕೆ

ಮಿನೆಸೋಟ ರಾಜ್ಯದ ಡುಲುತ್ ಊರಿನ ಜಲಪಕ್ಷಿ ಆಸ್ಪತ್ರೆಯಲ್ಲಿ ದಾನಿಗಳ ಪಟ್ಟಿಯನ್ನು ಕಾಯುತ್ತಿರುವ ಗಣಕಯಂತ್ರ ಮಹಾಶಯರ ಸನ್ನಿಧಿಗೆ

ಮಾನ್ಯರೇ,

ತಮ್ಮ ಫ್ಯಾನು ಸದಾ ತಣ್ಣಗೆ ತಿರುಗುತ್ತಿರಲಿ, ತಮ್ಮ ನೆನಪಿನ ಉಗ್ರಾಣ ಎಂದೂ ತುಂಬದಿರಲಿ ಎಂದು ಹಾರೈಸಿ, ತಮ್ಮ ಎದುರಿನ ಕುರ್ಚಿಯಲ್ಲೇ ಕೂತಿದ್ದರೂ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇಂದು ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಕಣ್ಣಿಗೆ ಬಿದ್ದದ್ದು ಇದು: ತಮ್ಮ ಪರದೆಯಲ್ಲಿ ಶ್ರೀಮತಿ ಆರ್ಲಿಸ್ ಹಾಕನ್ಸನ್ ಅವರ ಹೆಸರಿನ ಪಕ್ಕ ಬಟಾಣಿಯಷ್ಟು ದೊಡ್ಡ ಕೆಂಪು ಬೀಗ ಕೂತಿದೆ, ಅದರ ಕೆಳಗೆ ‘ಇವರನ್ನು ಮತ್ತೆ ಸಂಪರ್ಕಿಸತಕ್ಕದ್ದಲ್ಲ’ ಎಂಬ ಅಪ್ಪಣೆಯಿದೆ. ಬೀಗಕ್ಕೆ ಕೀಲಿಕೈ ತೂರಿಸುವ ಕಂಡಿಯನ್ನು ಬಿಡಿಸಿರುವ ತಮ್ಮ ಕಲಾಭಿರುಚಿಯನ್ನು ಮೆಚ್ಚಿದೆ. ಕೀಲಿಕೈ ಮಾತ್ರ ಎಲ್ಲೂ ಕಾಣಲಿಲ್ಲ.

ಆ ಹಿರಿಯರ ಮನೆಗೆ ನಾನು ಹೋಗಬೇಕಾಗಿ ಬಂದದ್ದೂ ತಮ್ಮ ಕೃಪೆಯಿಂದಲೇ. ಅವರ ಯಜಮಾನರಾದ ವೆಂಡೆಲ್ ತೀರಿಕೊಂಡಾಗ ಯಾರೋ ‘ದಿವಂಗತ’ ಎಂಬುದನ್ನು ಮನೆತನದ ಹೆಸರಿನ ಜಾಗದಲ್ಲಿ ಬರೆದಿದ್ದರು. ತಾವು ಒಂದಕ್ಷರವನ್ನೂ ಅನುಮಾನಿಸದೆ, ‘ಪ್ರಿಯ ಶ್ರೀ ದಿವಂಗತ ಅವರೇ, ಬಹಳ ದಿನಗಳಿಂದ ತಮ್ಮ ಸುದ್ದಿಯೇ ಇಲ್ಲ, ಬೇಸರವಾಗಿದೆಯೇ?’ ಎಂದು ಅವರಿಗೆ ಕಾಗದ ಕಳಿಸಿದಿರಿ. ಸಾಹಿತ್ಯದಲ್ಲಿ ಪದವಿ ಪಡೆದ ನಾನು ನಾಲ್ಕು ವರ್ಷ ಓದಿದ ಕರುಣರಸದಲ್ಲಿ ಇಂಥ ಒಂದು ಸಾಲನ್ನು ಕಂಡಿಲ್ಲ.

ಕ್ಷಮೆ ಕೇಳಲು ನನ್ನನ್ನು ಕಳಿಸಿದವರು ನಮ್ಮ ವಿಭಾಗದ ಮುಖ್ಯಸ್ಥೆ ಡೆನಿಸ್. ‘ಬರವಣಿಗೆ ಬಲ್ಲವರು ಬೇಕಾಗಿದ್ದಾರೆ’ ಎಂಬ ಜಾಹೀರಾತು ನೋಡಿ, ವಂದನಾಪತ್ರ ಬರೆದುಕೊಂಡಿದ್ದರಾಯಿತೆಂದು ಈ ಕೆಲಸಕ್ಕೆ ಸೇರಿದವಳು ನಾನು. ಇದು ಬಾಯಿಬಿಟ್ಟು ಕೇಳುವವರ ವೃತ್ತಿ, ಇಲ್ಲಿ ಕೇಳಿದವರೇ ಮೇಲೇರುತ್ತಾರೆ ಎಂದು ತಿಳಿದದ್ದು ಆಮೇಲೆ. ನನ್ನ ಆರು ತಿಂಗಳ ಪರೀಕ್ಷಾವಧಿ ಈ ಶುಕ್ರವಾರ ಮುಗಿಯುತ್ತದೆ. ಅಷ್ಟರೊಳಗೆ ಒಬ್ಬರಾದರೂ ನನ್ನ ಬಾಯಿಮಾತಿಗೆ ಒಪ್ಪಿ ದಾನ ಕೊಟ್ಟರೆ ಕೆಲಸ ಕಾಯಂ, ಇಲ್ಲವಾದರೆ ಬೇರೆ ದಾರಿ ನೋಡಿಕೊಳ್ಳಬೇಕು ಎಂದು ಡೆನಿಸ್ ಬಹಳ ನಯವಾಗಿ ತಿಳಿಸಿದ್ದಾರೆ. ಹೇಗೂ ಹೋಗುತ್ತೀಯಲ್ಲ, ನಮ್ಮಲ್ಲಿರುವ ಲೂನ್ ಎಂಬ ಮುಳುಗು ಹಕ್ಕಿಗಳ ಚಳಿಗಾಲದ ಕೊಳಕ್ಕೂ ದಾನ ಕೇಳಿಬಿಡು ಎಂದು ಸೇರಿಸಿದರು.

ಶ್ರೀಮತಿ ಆರ್ಲಿಸ್ ಕೋಪಗೊಂಡಿರಲಿಲ್ಲ. “ಬದುಕಿದ್ದಾಗ್ಲೇ ವೆಂಡೆಲ್ ಯಾರ ಕಾಗದಕ್ಕೂ ಉತ್ತರ ಬರೆದವರಲ್ಲ ಕಣಮ್ಮ, ಈಗಂತೂ ಆಸೆ ಇಟ್ಕೋಬೇಡಿ” ಎಂದರು. ಕಾಫಿ ಕೊಡಲೇ ಎಂದಾಗ ಬೇಡವೆಂದೆ, ಇನ್ನೊಮ್ಮೆ ಕೇಳಿದಾಗ ತೊಂದರೆ ಯಾಕೆಂದೆ, ಮೂರನೆಯ ಸಲ ಕೇಳಿದಾಗ ಅರ್ಧ ಲೋಟ ಸಾಕೆಂದೆ. ತುಂಬಿದ ಲೋಟ ಬಂತು. ಮಿನೆಸೋಟದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮೊದಲ ಸಲಕ್ಕೇ ಹೂಂ ಅಂದವರನ್ನು ಇಲ್ಲಿ ಹಸಿದು ಬಂದವರೆಂದೋ ಹೊರಗಿನವರೆಂದೋ ತಿಳಿಯುತ್ತಾರೆ.

ಲೋಟದ ತಳ ನೋಡುತ್ತಾ ಕೊಳದ ಮಾತೆತ್ತಿದೆ. “ಅಯ್ಯೋ, ನನ್ನಿಂದಾಗಲ್ಲ ಬಿಡಮ್ಮ” ಎಂದರು. ಈ ಕಡೆಯ ಪದ್ಧತಿಯಂತೆ ಹೊರಡುತ್ತೇನೆಂದ ಮೇಲೆ ಹೊರಡಲು ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಾ ಇನ್ನೊಮ್ಮೆ ಕೇಳಿದೆ. “ಆಗಲ್ಲ ಅನ್ಸುತ್ತೆ” ಎಂದರು. ಮಾನ್ಯರೇ, ಆ ‘ಅನ್ಸುತ್ತೆ’ಯನ್ನು ತಾವು ಕೇಳಬೇಕಿತ್ತು. ಮೊದಲ ಮಾತಿನಲ್ಲಿ ಇಲ್ಲದ, ಒಂದು ಹಕ್ಕಿ ತೂರುವಷ್ಟು ಬಿರುಕು ಅದರಲ್ಲಿ ಇತ್ತು. ಅವರು ಕಾರಿನ ತನಕ ಬಂದು, ನಾನು ಎರಡು ಸಲ ಬೇಡವೆಂದ ನಿಂಬೆಯ ಸಿಹಿಯನ್ನು ಮೂರನೆಯ ಸಲಕ್ಕೆ ತಟ್ಟೆಸಮೇತ ಕಿಟಕಿಯೊಳಗೆ ಇಟ್ಟು, ಇನ್ನೇನನ್ನೋ ಕಾಯುವವರಂತೆ ಹಿಮದಲ್ಲೇ ನಿಂತರು. ಕೇಳಲು ಬಾಯಿ ತೆರೆದವಳು, ಧೈರ್ಯ ಸಾಲದೆ, ವಂದನೆ ಹೇಳಿ ಕಿಟಕಿಯ ಗಾಜು ಏರಿಸಿಬಿಟ್ಟೆ.

ಆ ಸಂಜೆ ತಾವು ‘ಹೌದು’, ‘ಇಲ್ಲ’ ಎಂಬ ಎರಡೇ ಚೌಕಗಳನ್ನು ಮುಂದೊಡ್ಡಿ, ಒಂದನ್ನು ಒತ್ತುವವರೆಗೆ ಮನೆಗೆ ಬಿಡಲಿಲ್ಲ. ಸುಳ್ಳು ಹೇಳಲಾರದೆ ‘ಇಲ್ಲ’ ಒತ್ತಿದೆ. ಬೆಳಗಾಗುವುದರೊಳಗೆ ಆ ಹೆಸರಿಗೆ ತಾವು ಬೀಗ ಜಡಿದಿರಿ. ಮೊದಲ ಮಾತೇ ಕೊನೆಯ ಮಾತೆನ್ನುವ ಟೆಕ್ಸಸ್ಸಿನಿಂದ ಬಂದ ಡೆನಿಸ್ ತಮ್ಮ ಪರದೆಯನ್ನು ನೋಡಿ, “ಇಲ್ಲ ಅಂದ್ರೆ ಇಲ್ಲ, ಅಷ್ಟೇ ಅಲ್ವಾ ನೆಲ್?” ಎಂದರು. ಅಲ್ಲ ಎನ್ನಲು ನನಗೆ ಮೂರು ಅವಕಾಶ ಬೇಕಿತ್ತು. ಅವರು ಒಂದೇ ಸಲ ಕೇಳಿದರು.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು: ‘ಹೌದು’, ‘ಇಲ್ಲ’ಗಳ ನಡುವೆ ‘ಇನ್ನೊಂದು ಸಲ ಕೇಳಿ ನೋಡಿ’ ಎಂಬ ಮೂರನೆಯ ಚೌಕವನ್ನು ದಯಪಾಲಿಸಬೇಕು. ಅದು ಆಗದಿದ್ದಲ್ಲಿ ತಾವೇ ಒಮ್ಮೆ ತಂತಿ ಕಿತ್ತುಕೊಂಡು ಶ್ರೀಮತಿ ಆರ್ಲಿಸ್ ಅವರ ಅಡುಗೆಮನೆಗೆ ಬಂದು, ಅರ್ಧ ಲೋಟ ಕಾಫಿ ಕೇಳಿ, ತುಂಬಿದ ಲೋಟ ಕುಡಿದು, ಒಬ್ಬ ಮುದುಕಿಯ ‘ಬೇಡ’ದೊಳಗೆ ಎಷ್ಟು ಕೋಣೆಗಳಿರುತ್ತವೆ ಎಂದು ಎಣಿಸಿ ನೋಡಬೇಕು.

ಶುಕ್ರವಾರದವರೆಗಂತೂ ಖಂಡಿತವಾಗಿ
ತಮ್ಮ ವಿಶ್ವಾಸಿ,
ನೆಲ್ ಸ್ಟುಪ್ನಿಕ್

ಮರೆತ ಮಾತು: ತಟ್ಟೆ ಹಿಂದಿರುಗಿಸುವ ನೆಪದಲ್ಲಿ, ತಮ್ಮ ಬೀಗವನ್ನು ಮೀರಿ, ಗುರುವಾರ ಮಧ್ಯಾಹ್ನ ನಾನು ಶ್ರೀಮತಿ ಆರ್ಲಿಸ್ ಅವರ ಮನೆಗೆ ಹೋಗುತ್ತಿದ್ದೇನೆ. ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಕೇಳುವ ತಮ್ಮ ಚೌಕದಲ್ಲಿ ‘ಹಲ್ಲಿನ ಡಾಕ್ಟರ ಬಳಿ’ ಎಂದು ತುಂಬಿಕೊಳ್ಳಿ. ಅಲ್ಲಿಯೂ ಬಾಯಿ ತೆರೆಯದೆ ಕೆಲಸ ಆಗುವುದಿಲ್ಲ.