ರೇಟು ಕೇಳುವ ಮಾಮಾ ಹಡಗು ಹತ್ತಿದ್ದು

ನಮ್ಮ ಸೋದರಮಾವ ಈ ಲೋಕದಲ್ಲಿ ಕೊಂಡ ವಸ್ತುಗಳಿಗಿಂತ ರೇಟು ಕೇಳಿ ಕೈಬಿಟ್ಟ ವಸ್ತುಗಳೇ ಹೆಚ್ಚು. ನಾಳೆ ಯಮರಾಯ ಕೋಣನ ಮೇಲೆ ಕೂತು ಗಜೇಂದ್ರಗಡಕ್ಕೆ ಬಂದು ಬಾಗಿಲು ಬಡಿದನೆನ್ನಿ, ಮಾಮಾ ಗಾಬರಿಯಾಗುವುದಿಲ್ಲ. "ಬರ್ರಿ, ಕುಂದರ್ರಿ. ಕೋಣಾ ಎಷ್ಟಕ್ಕ ತಂದ್ರಿ?" ಎಂದು ಕೇಳುತ್ತಾರೆ. ಯಮ ರೇಟು ಹೇಳಿದರೆ, "ಭಾಳ ತುಟ್ಟಿ ಆತು ಬಿಡ್ರಿ" ಎಂದು ಒಳಗೆ ಹೋಗಿಬಿಡುತ್ತಾರೆ!

ಹೆಚ್ಚಾಯಿತು ಅನ್ನಿಸಿತೇ? ನನ್ನ ಮದುವೆಯಲ್ಲಿ ನಡೆದದ್ದು ಕೇಳಿ. ನರಗುಂದದ ಮಂಟಪ, ವಾಲಗ ಜೋರಾಗಿದೆ, ಅಕ್ಕಿಕಾಳು ಬೀಳುತ್ತಿವೆ. ಅಷ್ಟರಲ್ಲಿ ಮಾಮಾ ಮದುಮಗನ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, "ಮೀಟರಿಗೆ ಹ್ಯಾಂಗ ಬಿತ್ರಿ ಅಳಿಯಾರ?" ಎಂದು ಕೇಳಿದರು. ನನ್ನ ಗಂಡ ಮದುವೆಯಾದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು, "ನಿಮ್ಮ ಮಾಮಾಂದು ಅರಿವಿ ಅಂಗಡಿ ಏನು?"

ಅಲ್ಲ. ಮಾಮಾಂದು ಬೀಜದ ಅಂಗಡಿ. ಗೊಂಜಾಳ, ಸೂರ್ಯಕಾಂತಿ, ಹತ್ತಿ ಬೀಜ, ಜೊತೆಗೆ ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆ. ರೋಣದ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ ಅದೇ ಚಟ. ಹಲ್ಲಿನ ರೇಟು ಕೇಳಿ, ಬಾಯಿ ಮುಚ್ಚಿ ಎದ್ದು ಬಂದರು. "ರೇಟ ಕೇಳಿದ ಕೂಡ್ಲೇ ನೋವ ನಿಂತ ಹೋತು" ಎನ್ನುತ್ತಾರೆ. ಆ ಹಲ್ಲು ಇವತ್ತಿಗೂ ಅಲ್ಲೇ ಇದೆ, ಹೆದರಿಕೊಂಡು!

ಇಂಥ ಮಾಮಾನಿಗೆ ಬೀಜದ ಕಂಪನಿಯವರು ಹಡಗಿನ ಪ್ರವಾಸ ಕೊಟ್ಟರು. ಚೆನ್ನಾಗಿ ಮಾರಾಟ ಮಾಡಿದ ಡೀಲರುಗಳಿಗೆಲ್ಲ ಮುಂಬೈಯಿಂದ ಹೊರಟು ಅರಬ್ಬಿ ಸಮುದ್ರ ಸುತ್ತಿಸಿ ತರುವ ಬಹುಮಾನ. ಖೋಲಿ, ಊಟ, ತಿರುಗಾಟ ಎಲ್ಲ ಕಂಪನಿಯದೇ. ಒಂದು ಮನೆಗೆ ಮೂರು ಟಿಕೆಟ್ಟು. ಮಾಮಾ ಅಂಗಡಿಗೆ ಬಂದವರಿಗೆಲ್ಲ ಹಡಗಿನ ಫೋಟೋ ತೋರಿಸಿ, ಹೀಗೊಂದು ಹಡಗು ಕಟ್ಟಿಸಲು ಎಷ್ಟಾದೀತು ಎಂದು ಅವರನ್ನೇ ಕೇಳಿದರು. ಅಸೂಟಿಯ ಒಬ್ಬ ರೈತರು ನಿಂತು ಯೋಚಿಸಿ, "ಅದನ್ನ ಬಿಡ್ರಿ ಸಾಹುಕಾರ್ರ, ನಿಲ್ಲಸಾಕ ಜಾಗಾ ಎಲ್ಲೈತಿ?" ಎಂದರಂತೆ.

ಮೂರನೆಯ ಟಿಕೆಟ್ಟು ನನಗೆ ಬಂತು. ಕೊಟ್ಟವಳು ಅತ್ತಿ, ಮಾಮಾನ ಹೆಂಡತಿ. ಅವಳೇ ನರಗುಂದಕ್ಕೆ ಬಸ್ಸಿನಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಕೂತು, ಚಹಾ ಮುಟ್ಟದೆ ಹೇಳಿದಳು.

"ನೀ ಬಾರವ್ವಾ."

"ಇಂಗ್ಲಿಷ್ ಮಾತಾಡಾಕ ಬೇಕೇನ ಅತ್ತಿ?"

"ಅದಕ್ಕಲ್ಲ. ಅವ್ರ ಮ್ಯಾಲ ಕಣ್ಣಿಡಾಕ. ಹಡಗಿನ್ಯಾಗ ಹೆಜ್ಜಿಗೊಂದು ಬಾರ್ ಇರ್ತಾವಂತ. ಕಂಪನಿ ಗಾಡಿ ಡ್ರಾಯವ್ಹರ್ ಹೇಳಿದಾ."

ನನ್ನ ನಗೆ ಅಲ್ಲಿಗೇ ನಿಂತಿತು. ಏಕೆಂದರೆ ಮಾಮಾ ಒಂದು ಕಾಲಕ್ಕೆ ಕುಡಿಯುತ್ತಿದ್ದರು. ಚೂರುಪಾರು ಅಲ್ಲ. ಅಂಗಡಿಯ ಬಾಗಿಲು ಹಾಕುವುದಕ್ಕೂ ಕೈ ನಡುಗುವಷ್ಟು. ಒಂದು ಮಧ್ಯಾಹ್ನ ಅತ್ತಿಯನ್ನು ಹಿಂದೆ ಕೂರಿಸಿಕೊಂಡು ರಾಜೂರ ಕಡೆಯಿಂದ ಬರುವಾಗ ಬೈಕು ಗಟಾರಕ್ಕೆ ಇಳಿಯಿತು. ಮಾಮಾನಿಗೆ ಒಂದು ಗೀರೂ ಇಲ್ಲ. ಅತ್ತಿಯ ಕಾಲಿನಲ್ಲಿ ರಾಡು ಸೇರಿತು. ಆಕೆ ದವಾಖಾನೆಯಿಂದ ಕುಂಟುತ್ತ ಮನೆಗೆ ಬಂದ ದಿನ ಮಾಮಾ ಬಿಟ್ಟರು. ಆಮೇಲೆ ಬಾಯಿಗೆ ಹಚ್ಚಿಲ್ಲ. ಆದರೆ ಅತ್ತಿಯ ಅಂಜಿಕೆ ಮಾತ್ರ ಬಿಟ್ಟಿರಲಿಲ್ಲ. ಮಾಮಾ ತಡವಾಗಿ ಬಂದರೆ ಇವತ್ತಿಗೂ ಮೊದಲು ಅವರ ಕಣ್ಣು ನೋಡುತ್ತಾಳೆ, ಆಮೇಲೆ ತಾಟು ಹಾಕುತ್ತಾಳೆ.

ಮುಂಬೈಯಲ್ಲಿ ಹಡಗು ಹತ್ತುವಾಗ ಅತ್ತಿಗೆ ಒಂದು ಕ್ಷಣ ಭಾರೀ ಖುಷಿಯಾಯಿತು. ಕಾವಲಿನವನು ಅವಳ ಚೀಲದಿಂದ ಕಾಲಿಗೆ ಹಚ್ಚುವ ಎಣ್ಣೆಯ ಬಾಟ್ಲಿ ತೆಗೆದು, ಮೂಸಿ, ಸೀನಿ, ಮರಳಿ ಕೊಟ್ಟ. ಹೊರಗಿನ ದಾರು ಒಳಗೆ ತರುವಂತಿಲ್ಲವಂತೆ.

"ನೋಡಿದ್ಯಾ, ಎಷ್ಟ ಶಿಸ್ತ ಐತಿ!" ಎಂದಳು ಅತ್ತಿ.

ಹತ್ತು ಹೆಜ್ಜೆ ಒಳಗೆ ಹೋದೆವು. ಎದುರಿಗೇ ಒಂದು ಬಾರು! ಗಾಜಿನ ಗೋಡೆಯ ತುಂಬ ಬಾಟ್ಲಿ, ಹಿಂದಿನಿಂದ ದೀಪ, ನಮ್ಮ ಮನೆಗಳ ದೇವರ ಜಗಲಿಗೂ ಅಂಥ ಬೆಳಕಿಲ್ಲ. ಹೊರಗಿನದು ಯಾಕೆ ಬೇಡವೆಂದು ಆಗ ತಿಳಿಯಿತು. ಒಳಗೆ ಅವರೇ ಮಾರುತ್ತಾರಲ್ಲ!

ಅತ್ತಿಯ ಬೆರಳು ನನ್ನ ಮಣಿಕಟ್ಟನ್ನು ಹಿಡಿದವು. ಅಲ್ಲಿಂದ ಮುಂದೆ ಅವು ಬಿಡಲೇ ಇಲ್ಲ ಅಂದರೂ ನಡೆದೀತು.

ಹಡಗಿನಲ್ಲಿ ಕೈಯಲ್ಲಿ ರೊಕ್ಕ ಕೊಡುವ ಪದ್ಧತಿ ಇಲ್ಲ. ಎಲ್ಲರ ಕೊರಳಿಗೂ ಒಂದು ಕಾರ್ಡು. ಅದನ್ನು ತೋರಿಸಿ ಏನು ಬೇಕಾದರೂ ತಗೊಳ್ಳಬಹುದು, ಇಳಿಯುವ ದಿನ ಬಿಲ್ಲು. ಅತ್ತಿ ಕೂಡಲೇ ಮಾಮಾನ ಕಾರ್ಡು ಕಸಿದು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು. ಆದರೆ ಖೋಲಿಯ ಕೀಲಿಯೂ ಅದೇ ಕಾರ್ಡು! ಹೀಗಾಗಿ ಮಾಮಾ ಅರಿವೆ ಬದಲಿಸಬೇಕೆಂದರೂ ಅತ್ತಿಯನ್ನು ಹುಡುಕಿ, "ಸೆರಗ ಕೊಡ ಇಲ್ಲೆ" ಎನ್ನಬೇಕಾಯಿತು. ಪಕ್ಕದ ಖೋಲಿಯ ಮಂದಿ ಕಿವಿ ನೆಟ್ಟಗೆ ಮಾಡಿದರು.

ಇಷ್ಟಾದರೂ ಮಾಮಾ ಮೊದಲ ದಿನವೇ ಬಾರಿಗೆ ಹೋದರು. ನಾನೂ ಅತ್ತಿಯೂ ಕಂಬದ ಹಿಂದೆ ನಿಂತು ನೋಡಿದೆವು. ಮಾಮಾ ಎತ್ತರದ ಸ್ಟೂಲಿನ ಮೇಲೆ ಧೋತರ ಸರಿಮಾಡಿಕೊಂಡು ಕೂತು, ರೇಟಿನ ಪಟ್ಟಿಯನ್ನು ದೂರ ಹಿಡಿದು ಓದಿದರು. ಬಾರಿನವನು ಕನ್ನಡ ಬಲ್ಲವನಲ್ಲ. ಮಾಮಾನ ಹಿಂದಿಯೂ ಹಿಂದಿ ಅಲ್ಲ. ಆದರೆ ರೇಟು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆಯಲ್ಲ!

"ಏನಂದೀ? ಒಂದು ಪೆಗ್ಗಿಗೆ?" ಮಾಮಾ ಸ್ಟೂಲಿನಿಂದ ಜಾರುವುದೊಂದು ಬಾಕಿ. "ಇಷ್ಟ ರೊಕ್ಕಕ್ಕ ನಮ್ಮ ರೋಣದಾಗ ಪೂರಾ ಬಾಟ್ಲಿ ಬರತೈತಿ. ಮ್ಯಾಲ ಶೇಂಗಾ. ಮ್ಯಾಲ ಮನಿತನಕ ಆಟೋ!"

ಬಾರಿನವನು ನಕ್ಕು ಹಿಂದಿಯಲ್ಲಿ, ಮೇಲೆ ತೆರಿಗೆ ಬೇರೆ, ಬಡಿಸಿದ್ದಕ್ಕೂ ಬೇರೆ ಎಂದ.

"ಬರ್ಫ ಹಾಕ್ತೀಯಲ್ಲ, ಅದನ್ನ ತಗದ್ರ ಎಷ್ಟ ಕಡಿಮಿ?"

"ಬರ್ಫಕ್ಕೆ ರೊಕ್ಕ ಇಲ್ಲ ಸಾಹೇಬರೇ, ಅದು ಪುಕಟೆ."

"ಹಂಗಾರ ಬರ್ಫ ಅಷ್ಟ ಕೊಡು."

ಬರ್ಫ ಬಂತು. ಮಾಮಾ ಅದನ್ನು ಕಟಕಟ ಕಡಿದು ತಿಂದು ಎದ್ದರು. ನನಗೆ ನಗೆ ತಡೆಯಲಾಗಲಿಲ್ಲ. ಅತ್ತಿ ನಗಲಿಲ್ಲ.

"ಇವತ್ತ ಬರ್ಫ," ಅಂದಳು. "ನಾಳಿ?"

ಆ ನಾಳೆ ಬಂತು, ಮಾಮಾ ಈಜುಕೊಳದ ಬಾರಿಗೆ ಹೋದರು. ಅಲ್ಲಿ ಬಿಯರಿನ ರೇಟು. ಅಲ್ಲಿಂದ ಮೇಲಿನ ಅಂತಸ್ತಿನ ಬಾರು. ಅಲ್ಲಿ ಕಾಗದದ ಛತ್ರಿ ಸಿಕ್ಕಿಸಿದ ಬಣ್ಣದ ನೀರಿನ ರೇಟು, ಛತ್ರಿ ಬೇಡವೆಂದರೆ ಎಷ್ಟು ಎಂಬ ವಿಚಾರಣೆ. ಇಡೀ ಹಡಗಿನ ಬಾರುಗಳೆಲ್ಲ ಮಾಮಾನ ಪರಿಚಯದವಾದವು. ಒಂದು ಹನಿಯೂ ಒಳಗೆ ಹೋಗಲಿಲ್ಲ, ಖರೇ. ಆದರೆ ನೀವೇ ಹೇಳಿ, ಹಾಲು ಬಿಟ್ಟ ಬೆಕ್ಕು ಹಾಲಿನ ರೇಟು ಯಾಕೆ ಕೇಳುತ್ತದೆ? ನನ್ನ ನಗೆಯೂ ಆರಿತು. ಸುತ್ತಲೂ ನೀರು. ಎಲ್ಲಿಗೆ ಓಡಿಹೋಗುವುದು? ಊರಲ್ಲಾದರೆ ಮಾಮಾ ಎದ್ದು ಹೋದರೆ ಹಿಂದೆ ಯಾರನ್ನಾದರೂ ಅಟ್ಟಬಹುದು. ಇಲ್ಲಿ ಹಡಗು ಒಂದು ಬದಿಗೆ ವಾಲಿದರೆ ಮಾಮಾನೂ ಅದೇ ಬದಿಗೆ, ಬಾರಿನ ಬದಿಗೇ, ವಾಲಿದಂತೆ ಕಾಣುತ್ತಿತ್ತು. ಅತ್ತಿ ಊಟ ಬಿಟ್ಟಳು. ಅಷ್ಟು ತರಹದ ಊಟ ಸಾಲಾಗಿ ಇಟ್ಟಿದ್ದರು, ಅವಳು ಮೊಸರನ್ನ ಕಲಸಿಕೊಂಡು ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದಳು.

ಕೊನೆಯ ದಿನ ಬೆಳಿಗ್ಗೆ ನಾನು ಧೈರ್ಯ ಮಾಡಿದೆ. ಮಾಮಾ ಕಟಕಟೆ ಹಿಡಿದು ಸಮುದ್ರ ನೋಡುತ್ತಿದ್ದರು.

"ಮಾಮಾ, ಖರೇ ಹೇಳ್ರಿ. ಬಾರ್‌ಗೆ ಯಾಕ ಹೊಂಟೀರಿ? ಅತ್ತಿ ಅಂಜಿ ಸಾಯಾಕತ್ತಾಳ."

ಮಾಮಾ ಕಟಕಟೆ ಬಿಟ್ಟು ನನ್ನ ಕಡೆ ತಿರುಗಿದರು.

"ನಾನೂ ಅಂಜೇ ಹೊಂಟೀನಿ ಅವ್ವಾ," ಎಂದರು. "ಊರಾಗ ದಾರು ಅಂಗಡಿ ಓಣಿ ಬಿಟ್ಟ ಸುತ್ತ ಹಾಕ್ಕೊಂಡ ಮನಿಗೆ ಬರ್ತೀನಿ. ಇಲ್ಲೆ ಯಾವ ಓಣಿ ಸುತ್ತಲಿ? ಎತ್ತಾಗ ಹೊಳ್ಳಿದ್ರೂ ಅದರದ ವಾಸನಿ. ಅದಕ್ಕ ಸೀದಾ ಹೋಗಿ ರೇಟ ಕೇಳತೀನಿ. ರೇಟ ಕೇಳಿದ್ರ ಸಿಟ್ಟ ಬರತೈತಿ. ಸಿಟ್ಟ ಬಂತಂದ್ರ ಆಸೆ ಹೋಗತೈತಿ. ಒಂದ ತಾಸ ತಡೀತೈತಿ. ಮತ್ತ ಬಂತಂದ್ರ ಮತ್ತ ಹೋಗಿ ಕೇಳತೀನಿ."

ನಾನು ಓಡಿಹೋಗಿ ಅತ್ತಿಗೆ ಹೇಳಿದೆ. ಅತ್ತಿ ಮೊದಲು ಬಾಯಿಗೆ ಸೆರಗು ಒತ್ತಿ ಅತ್ತಳು, ಆಮೇಲೆ ಹಡಗು ಹತ್ತಿದ ಮೇಲೆ ಮೊದಲ ಸಲ ನಕ್ಕಳು. "ಇಂಥಾ ತುಟ್ಟಿ ಮಾಡಿದಾಂವ ನೂರ ವರ್ಷ ಬಾಳಲಿ! ಇನ್ನೂ ಏರಸಲಿ!" ಎಂದು ಬಾರಿನ ಕಡೆ ಎರಡೂ ಕೈ ಎತ್ತಿ ಹರಸಿದಳು. ಕುಡಿತದ ತುಟ್ಟಿ ರೇಟಿಗೆ ಕೈ ಎತ್ತಿ ಹರಸಿದ ಜೀವ ಆ ಸಮುದ್ರದಲ್ಲಿ ಅವಳೊಬ್ಬಳೇ ಇದ್ದಾಳು. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು, ಎರಡು ಸಲ ಸಿಹಿ ಹಾಕಿಸಿಕೊಂಡಳು.

ಆ ಸಂಜೆ ಕಂಪನಿಯವರು ದೊಡ್ಡ ಸಭಾಂಗಣದಲ್ಲಿ ಡೀಲರುಗಳನ್ನೆಲ್ಲ ಕೂಡಿಸಿದರು. ಹಾರ, ಶಾಲು, ಫಲಕ. ಮಾಮಾನಿಗೂ ಒಂದು ಫಲಕ ಬಂತು. ಕೊನೆಗೆ ಕಂಪನಿಯ ಸಾಹೇಬರು ಮೈಕು ಹಿಡಿದು, ಇವತ್ತು ಈ ಸಂಜೆಯೆಲ್ಲ ಯಾರೂ ಕಾರ್ಡು ತೋರಿಸಬೇಕಾಗಿಲ್ಲ, ಕುಡಿದಷ್ಟೂ ಕಂಪನಿಯ ಖರ್ಚು ಎಂದು ಸಾರಿದರು.

ಸಭೆ ಸೀಟಿ ಹೊಡೆಯಿತು. ನಮ್ಮ ಹಿಂದಿನ ಡೀಲರೊಬ್ಬರು ಬಾಗಿ, "ಏಳ್ರಿ ಸಾಹುಕಾರ್ರ, ಇವತ್ತ ರೇಟ ಕೇಳೂದು ಇಲ್ಲ, ಏನೂ ಇಲ್ಲ. ಫುಕಟ್ ಐತಿ!" ಎಂದು ಮಾಮಾನ ಬೆನ್ನು ತಟ್ಟಿದರು. ಹಿಂದೆಯೇ ತಟ್ಟೆಗಳು ಹೊರಟವು. ಬಿಳಿ ಕೈಗವಸು ತೊಟ್ಟ ಕೈಗಳು, ತಟ್ಟೆಯ ತುಂಬ ಗ್ಲಾಸು, ಕೇಳಿದವರಿಗೂ ಕೇಳದವರಿಗೂ.

ನಾನು ಅತ್ತಿಯನ್ನು ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಮಾಮಾನ ಕಡೆ ತಿರುಗಿದೆ. ಕುರ್ಚಿಯ ಮೇಲೆ ಫಲಕವಿತ್ತು, ಮಾಮಾ ಇರಲಿಲ್ಲ.

ಎದ್ದೆವು. ಮೊದಲು ಎದುರಿನ ಬಾರು. ಜನ ನುಗ್ಗಿದ್ದರು. ಒಬ್ಬೊಬ್ಬರ ಭುಜ ಸರಿಸಿ ಮುಖ ನೋಡಿದೆ. ಇಲ್ಲ. ಈಜುಕೊಳದ ಬಾರು. ಇಲ್ಲ. ಲಿಫ್ಟಿನ ಮುಂದೆ ಗದ್ದಲ, ಅತ್ತಿ ಕಾಯಲಿಲ್ಲ. ಕುಂಟುತ್ತಲೇ ಮೆಟ್ಟಿಲು ಹತ್ತಿದಳು. ಮೇಲಿನ ಬಾರಿನವನು ಮಾಮಾನನ್ನು ಬಲ್ಲ. ಬಂದಿದ್ದರೇ ಎಂದು ಕೇಳಿದರೆ, "ಬಂದಿದ್ದರು. ಇವತ್ತಿನ ರೇಟು ಎಷ್ಟು ಅಂದರು. ಇವತ್ತು ರೇಟಿಲ್ಲ ಅಂದೆ. ನನ್ನ ಮುಖ ನೋಡಿದರು, ಹೊರಟುಹೋದರು" ಎಂದ.

"ಎತ್ತಾಗ?"

ಅವನು ಹೊರಗಿನ ಕಟಕಟೆಯ ಕಡೆ ಕೈ ಮಾಡಿದ.

ಅತ್ತಿ ಕಟಕಟೆಗೆ ಹೋಗಿ ಬಾಗಿ ಕೆಳಗೆ ನೋಡಿದಳು. ಹೊತ್ತು ಮುಳುಗುತ್ತಿತ್ತು. ಅಷ್ಟು ಕೆಳಗೆ ನೀರು, ಹಡಗಿನ ಮಗ್ಗುಲಿಗೆ ಬಡಿಯುವ ನೊರೆ.  ಅವಳು ಏನು ನೆನೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನನ್ನ ಜನ್ಮದಲ್ಲಿ ಅಷ್ಟು ಹೆದರಿಲ್ಲ. ಕುಡಿದಿದ್ದರೂ ಪರವಾಗಿಲ್ಲ, ಎಲ್ಲಾದರೂ ಬಿದ್ದುಕೊಂಡು ಸಿಕ್ಕರೆ ಸಾಕು ಎಂದು ಬೇಡಿಕೊಂಡೆ. "ಮಾಮಾ!" ಎಂದು ಕೂಗಿದೆ. ಗಾಳಿ ಆ ಕೂಗನ್ನು ಎತ್ತಲೋ ಒಯ್ದಿತು.

ಆಮೇಲೆ ಕಂಡಕಂಡ ಬಾಗಿಲು ನೂಕಿದೆವು. ಸಿನಿಮಾ ತೋರಿಸುವ ಕೋಣೆ, ಕ್ಷೌರದ ಅಂಗಡಿ, ವ್ಯಾಯಾಮದ ಕೋಣೆ. ಕೊನೆಗೆ ಗೋಡೆಗೆಲ್ಲ ಮೀನು, ಆಮೆ ಬರೆದಿದ್ದ ಒಂದು ಗಾಜಿನ ಬಾಗಿಲು. ಚಿಕ್ಕ ಮಕ್ಕಳ ಆಟದ ಕೋಣೆ. ಮಕ್ಕಳೆಲ್ಲ ತಂದೆತಾಯಿಗಳ ಜೊತೆ ಸಭೆಗೆ ಹೋಗಿದ್ದರು, ಕೋಣೆ ಖಾಲಿ. ಒಳಗೆ ಬಣ್ಣದ ಚೆಂಡುಗಳ ರಾಶಿಯ ನಡುವೆ, ಅಂಗೈಯಗಲದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮೊಣಕಾಲು ಎದೆಗೆ ತಾಗುವಂತೆ ಮಡಚಿಕೊಂಡು ನಮ್ಮ ಮಾಮಾ ಕೂತಿದ್ದರು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡಿದ್ದರು.

ಅತ್ತಿ ಒಳಗೆ ಹೋಗಿ, ರೂಢಿಯಂತೆ, ಮೊದಲು ಅವರ ಕಣ್ಣು ನೋಡಿದಳು.

"ಇಲ್ಲ," ಎಂದರು ಮಾಮಾ. "ಮುಟ್ಟಿಲ್ಲ. ಹಡಗಿನ್ಯಾಗ ಬಾಟ್ಲಿ ಇಲ್ಲದ ಜಾಗಾ ಇದೊಂದ ಸಿಕ್ತು. ಫುಕಟ್ ಅಂದ್ರ ಹ್ಯಾಂಗ ಸಿಟ್ಟ ಬರಬೇಕ ಹೇಳು? ಬರಲಿಲ್ಲ. ಅಂಜಿಕಿ ಬಂತು. ಕೈ ನಡಗಾಕತ್ತಾವು, ನೋಡ ಇಲ್ಲೆ."

ಕಂಕುಳಿಂದ ಕೈ ತೆಗೆದು ತೋರಿಸಿದರು. ನಡುಗುತ್ತಿದ್ದವು.

ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಕಾದೆ. ಅತ್ತಿಯ ಬಾಯಿ ಗಜೇಂದ್ರಗಡದ ಪ್ಯಾಟಿಗೆಲ್ಲ ಗೊತ್ತು. ಆದರೆ ಅವಳು ಒಂದು ಹಳದಿ ಕುರ್ಚಿ ಎಳೆದುಕೊಂಡು, ಗೋಡೆ ಹಿಡಿದು ನಿಧಾನ ಅದರ ಮೇಲೆ ಕೂತಳು. ಆ ಎರಡೂ ಕೈಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಮೇಲೆ ತನ್ನ ಕೈ ಮುಚ್ಚಿದಳು.

"ಕುಂಡ್ರೂಣು," ಎಂದಳು. "ಅವ್ರೆಲ್ಲಾ ಕುಡದ ಮುಗಸೂತನಕ ಇಲ್ಲೇ ಕುಂಡ್ರೂಣು. ನನಗೂ ಅಂಜಿಕಿ ಬಂದಿತ್ರಿ."

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅಷ್ಟರಲ್ಲಿ ಬಿಳಿ ಅಂಗಿಯವನೊಬ್ಬ ತುಂಬಿದ ಗ್ಲಾಸುಗಳ ತಟ್ಟೆ ಹಿಡಿದು, ನಗುನಗುತ್ತ ಅದೇ ದಾರಿಯಲ್ಲಿ ಬಂದ. ಒಳಗೆ ಯಾರೋ ಕೂತಿದ್ದು ಕಂಡು, ಅವರಿಗೂ ಕೊಡಲೇ ಎಂದು ಸನ್ನೆಯಲ್ಲಿ ಕೇಳಿದ.

ನಾನು ಗಾಜಿಗೆ ಬೆನ್ನು ಹಚ್ಚಿ, ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತೆ. ನನಗೆ ಬರುವ ಹರಕು ಹಿಂದಿಯಲ್ಲಿ, ಇಲ್ಲಿ ಬೇಡಪ್ಪಾ, ಒಳಗೆ ಮಕ್ಕಳಿದ್ದಾರೆ ಎಂದೆ.