ವರ್ಣತಂತುವಿನ ಸಿಕ್ಕು

ಕನ್ನಡದಲ್ಲಿ ವಿಜ್ಞಾನ ಕಲಿಸುವವನಿಗೆ ಪದಗಳ ಭಯ ಇರಬೇಕು. ಒಂದೊಂದು ಪದಕ್ಕೂ ಹಳೆಯ ನೆಂಟರಿರುತ್ತಾರೆ. ಯಾವ ಹೊತ್ತಿನಲ್ಲಿ ಬಂದು ಬಾಗಿಲು ಬಡಿಯುತ್ತಾರೋ ಹೇಳಲಾಗದು. ನಾನು ಸಿಂಧನೂರಿನಲ್ಲಿ ಮಾಸ್ತರನಾಗಿದ್ದಾಗ 'ಜಡತ್ವ'ದ ಪಾಠ ಮಾಡಿದ್ದಕ್ಕೆ, ತಮ್ಮನ್ನೇ ಅಂದನೆಂದು ತಿಳಿದ ಹೆಡ್‌ಮಾಸ್ತರರು ಬಹಳ ದಿನ ಮಾತು ಬಿಟ್ಟಿದ್ದರು. ಆಗಷ್ಟೇ ಕಾಲುವೆ ನೀರು ಬಂದು ಜೋಳದ ಹೊಲಗಳು ಗದ್ದೆಗಳಾಗುತ್ತಿದ್ದವು. ಊರಲ್ಲಿ ಅಕ್ಕಿಯೂ ಹೆಚ್ಚಿತು, ಸೊಳ್ಳೆಯೂ ಹೆಚ್ಚಿತು. ಇರಲಿ, ಹೇಳಹೊರಟಿದ್ದು ಬೇರೆ.

ನಾನು ಬಾಡಿಗೆಗಿದ್ದ ಮನೆ ಸಂಗಪ್ಪ ತಾತನವರದು. ಬಜಾರಿನಲ್ಲಿ ಅವರದು ನೂಲು, ಬಟ್ಟೆಯ ಅಂಗಡಿ. ಲಿಂಗಪೂಜೆ ತಪ್ಪಿಸಿದವರಲ್ಲ, ಸುಳ್ಳು ಹೇಳುವುದು ಗಿರಾಕಿಗಳಿಗೆ ಮಾತ್ರ. ಮೊಮ್ಮಗಳು ಗೌರಿ ನನ್ನ ವಿದ್ಯಾರ್ಥಿನಿ, ಡಾಕ್ಟರಾಗಬೇಕೆಂದು ಆಸೆಪಟ್ಟ ಹುಡುಗಿ. ಒಂದು ಸಂಜೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು: "ವರ್ಣತಂತುಗಳು ತಂದೆತಾಯಿಗಳಿಂದ ಮಕ್ಕಳಿಗೆ ಬರುತ್ತವೆ."

ವಿಭೂತಿ ಹಚ್ಚಿಕೊಳ್ಳುತ್ತಿದ್ದ ತಾತನ ಕೈ ಹಣೆಯ ಮೇಲೆಯೇ ನಿಂತಿತು.

"ಮಾಸ್ತರ್ರ, ಇತ್ತ ಬರ್ರಿ! ಲಿಂಗ ಕಟ್ಟಿದವರಿಗೆ ವರ್ಣ ಎಲ್ಲಿಂದ ಬಂತು? ಜಾತಿ ಬ್ಯಾಡ ಅಂತ ನಮ್ಮ ಹಿರ್ಯಾರು ಬಡ್ಕೊಂಡು ಹೋದ್ರು. ನೀವು ಸರಕಾರದ ಪಗಾರ ತಗೊಂಡು ಅದನ್ನ ಕಲಿಸಾಕತ್ತೀರಿ? ಈಕಿ ನಾಳಿಂದ ಬರಂಗಿಲ್ಲ. ಸಾಲಿ ಖತಂ!"

ಗೌರಿಯ ಕಣ್ಣು ತುಂಬಿತು. ನನಗೆ ಸಂಕಟವಾಯಿತು. ತಾತನ ಮೇಲೆ ಸಿಟ್ಟು ಮಾಡೋಣವೆಂದರೆ, ತಪ್ಪು ತಿಳಿದಿದ್ದರೂ ಅವರ ಮಾತು ನ್ಯಾಯದ್ದೇ.

"ತಾತ, ಇಲ್ಲಿ ವರ್ಣ ಅಂದರೆ ಬಣ್ಣ," ಎಂದು ಶುರುಮಾಡಿದೆ. ಗಿಡವಿರಲಿ, ಎಮ್ಮೆಯಿರಲಿ, ಮನುಷ್ಯನಿರಲಿ, ಮೈಯೆಲ್ಲ ಕಣ್ಣಿಗೆ ಕಾಣದಂಥ ಕೋಶಗಳಿಂದ ಆದದ್ದು. ಒಂದೊಂದು ಕೋಶದ ನಡುವೆಯೂ ಡಿ.ಎನ್.ಎ. ಎಂಬ, ಎರಡು ಎಳೆ ಹೊಸೆದ ಉದ್ದನೆಯ ದಾರ. ಮೂಗು ಹೀಗಿರಲಿ, ಕೂದಲು ಹಾಗಿರಲಿ ಎಂಬ ಅಪ್ಪಣೆಯೆಲ್ಲ ಅದರಲ್ಲೇ. ಅದನ್ನು ಸುತ್ತಿ ಸುತ್ತಿ ಲಡಿ ಮಾಡಿಟ್ಟದ್ದೇ ವರ್ಣತಂತು. ಬಣ್ಣ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆಂದು ಆ ಹೆಸರು.

ದಾರ ಎಂದ ಕೂಡಲೇ ತಾತನೊಳಗಿನ ವ್ಯಾಪಾರಿ ಎದ್ದು ಕೂತ.

"ಅಷ್ಟು ಉದ್ದ ದಾರ, ಸಿಕ್ಕಾಗಂಗಿಲ್ಲೇನು?"

"ಇಲ್ಲ ತಾತ, ಅಷ್ಟು ಅಚ್ಚುಕಟ್ಟಾಗಿ ಸುತ್ತಿರುತ್ತದೆ."

"ಹೌದಾ? ಮಠದ ಸ್ವಾಮಿಗಳಿಗೆ ಎಷ್ಟು ಲಡಿ? ಕಾಲುವಿ ಅಗಿಯೋ ಕೂಲಿಯವರಿಗೆ ಎಷ್ಟು?"

"ಎಲ್ಲರಿಗೂ ಒಂದೇ ಲೆಕ್ಕ. ನಲವತ್ತೆಂಟು!" ಎಂದೆ, ಗೆದ್ದವನ ಗತ್ತಿನಲ್ಲಿ.

ಗೌರಿ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು: "ಸರ, ನಲವತ್ತಾರು ರೀ. ಪುಸ್ತಕದಾಗ ಐತಿ."

ನಾನು ಕಾಲೇಜು ಓದುವಾಗ ನಲವತ್ತೆಂಟೇ ಇದ್ದವು, ದೇವರಾಣೆ! ಆಮೇಲೆ ಯಾರೋ ಸರಿಯಾಗಿ ಎಣಿಸಿದರಂತೆ. ಆ ಸುದ್ದಿ ಪುಸ್ತಕಕ್ಕೆ ಮುಟ್ಟಿತ್ತು, ನನಗೆ ಮುಟ್ಟಿರಲಿಲ್ಲ. ತಾತ ನನ್ನನ್ನೂ ಮೊಮ್ಮಗಳನ್ನೂ ಒಂದು ಸಲ ನೋಡಿದರು.

"ಆತು. ಗೌರಿ ಸಾಲಿಗೆ ಹೋಗ್ಲಿ."

ನನ್ನ ಎದೆ ಉಬ್ಬಿತು. "ನಾನು ಹೇಳಿದ್ದು ಮನಸ್ಸಿಗೆ ಬಂತಲ್ಲ ತಾತ?"

"ಎಲ್ಲರಿಗೂ ಒಂದೇ ಅಂದ್ರಲ್ಲ, ಅದು ಛಲೋ ಮಾತು. ಆದ್ರ ಎರಡು ಲಡಿ ಹೆಚ್ಚಿಗಿ ಎಣಿಸೋ ಮನಷ್ಯಾನ್ನ ನಾ ಅಂಗಡ್ಯಾಗ ಸೈತ ಇಟ್ಕೊಳ್ಳಂಗಿಲ್ಲ. ಇಂಥಾ ಮಾಸ್ತರ್ರ ಕೈಯಾಗ ಕಲಿತೂ ಈಕಿ ಬರೋಬ್ಬರಿ ಹೇಳ್ತಾಳಂದ್ರ, ಈಕಿನ್ನ ಎಷ್ಟು ಬೇಕಾದ್ರೂ ಓದಿಸಬೌದು ಬಿಡ್ರಿ!"