ವಿಮೆ ಮಾವನ ಎರಡನೇ ಬಾಯಿ

ತೊಂದರೆ ಶುರುವಾದದ್ದು ವಿಮೆ ಮಾವನ ಸೌಜನ್ಯದಿಂದ. ಗಿರಾಕಿ ಏನೇ ಕಷ್ಟ ಹೇಳಿಕೊಂಡರೂ "ಯೋಚ್ನೆ ಮಾಡ್ಬೇಡಿ, ನಾನೇ ಬರ್ತೀನಿ" ಎಂದು ಮಾತು ಮುಗಿಸುವುದು ಅವರ ರೂಢಿ. ಹೋಗುತ್ತಿರಲಿಲ್ಲ. ಗಿರಾಕಿಗಳೂ ಕಾಯುವುದಿಲ್ಲ ಎಂದೇ ಮಾವ ನಂಬಿದ್ದರು. ಫೋನ್ ಇಡುವುದಕ್ಕೆ ಅದಕ್ಕಿಂತ ಮರ್ಯಾದಸ್ಥ ದಾರಿ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಯಂತ್ರಕ್ಕೆ ಈ ಸೂಕ್ಷ್ಮ ಅರ್ಥವಾಗಲಿಲ್ಲ.

ವಿಮಾ ಏಜೆನ್ಸಿಗೆ ಹೊಸದಾಗಿ ಬಂದಿದ್ದ ಆ ಯಂತ್ರ, ಏಜೆಂಟರ ಹಳೆಯ ಕರೆಗಳನ್ನೆಲ್ಲ ಕೇಳಿ ಕಲಿತು, ಅವರದೇ ದನಿಯಲ್ಲಿ ಫೋನ್ ಮಾಡಿ, ಅವರಿಗೆ ಬಂದ ಕರೆಗೂ ತಾನೇ ಉತ್ತರಿಸಿ, ಗಿರಾಕಿಗಳ ಪಾಲಿಸಿ ನವೀಕರಿಸುತ್ತಿತ್ತು.

"ಇವತ್ತು ನಿಮ್ಮ ದನಿಗೆ ಪರೀಕ್ಷೆ ಮಾವ," ಎಂದಳು ಮ್ಯಾನೇಜರ್. "ಪಾಸಾದ್ರೆ ಸರಿ. ಇಲ್ಲಾಂದ್ರೆ ನಿಮ್ಮ ಗಿರಾಕಿಗಳನ್ನ ಹೆಡ್ ಆಫೀಸ್ ತಗೊಳ್ಳುತ್ತೆ. ನೀವು ಮನೇಲಿ ಆರಾಮಾಗಿರ್ಬೋದು."

ಹುಡುಗಿ ಕೆಟ್ಟವಳಲ್ಲ, ಮಾವನ ಮಗಳ ವಯಸ್ಸು. ಆದರೂ ಆ 'ಆರಾಮ' ಮಾವನ ಎದೆಗೆ ನಾಟಿತು. ಈ ಕುರ್ಚಿ ಬಿಟ್ಟರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ಅವರಿಗೆ ತಿಳಿಯದು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಪರದೆಯ ಮೇಲೆ ಪಾಲಿಸಿಗಳು ಒಂದರ ಹಿಂದೊಂದು ನವೀಕರಣವಾದವು. ಪಕ್ಕದ ಮೇಜಿನ ಕ್ಯಾಷಿಯರಮ್ಮ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. "ಅಯ್ಯೋ ಮಾವ, ಥೇಟ್ ನೀವೇ! ಮಂಡಿ ನೋವು ವಿಚಾರಿಸದೆ ಪಾಲಿಸಿ ಹೆಸರೇ ಎತ್ತಲ್ಲ." ಮಾವ ಪೂರಿಯಂತೆ ಉಬ್ಬಿದರು.

ಊಟದ ಹೊತ್ತಿಗೆ ಮಾವನ ಗಿರಾಕಿಯಾದ ದರ್ಜಿ ಬಂದ. "ನಡೀರಿ ಮಾವ."

"ಎಲ್ಲಿಗಪ್ಪ?"

"ನಮ್ಮಣ್ಣನ ಹತ್ರ. ಅಂಗಡಿ ಮಧ್ಯೆ ಗೋಡೆ ಎಬ್ಬಿಸ್ತಾನಂತೆ. ಬಂದು ಬುದ್ಧಿ ಹೇಳ್ತೀನಿ ಅಂದ್ರಲ್ಲ? ಟೈಮ್ ಕೂಡ ಮೆಸೇಜ್ ಬಂತು."

ಮಾವ ಗಾಬರಿಯಾಗಿ ತಮ್ಮ ಫೋನ್ ನೋಡಿದರು. ಯಂತ್ರ ಪ್ರತಿಯೊಂದು 'ಬರ್ತೀನಿ'ಯನ್ನೂ ನಿಜವೆಂದು ನಂಬಿ, ವೇಳೆ ಗೊತ್ತುಮಾಡಿ, ಎಲ್ಲರಿಗೂ ಸಂದೇಶ ಕಳಿಸಿಬಿಟ್ಟಿತ್ತು. ನಿವೃತ್ತ ಮೇಷ್ಟರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯಬೇಕು. ಔಷಧಿ ಅಂಗಡಿಯವನ ಮಗಳಿಗೆ ಲೆಕ್ಕ ಹೇಳಿಕೊಡಬೇಕು. ಮಾವ ಸ್ವತಃ ಲೆಕ್ಕದಲ್ಲಿ ಡುಮ್ಕಿ ಹೊಡೆದವರು.

"ಇದನ್ನ ನಿಲ್ಸಮ್ಮ ತಾಯಿ!" ಎಂದು ಮ್ಯಾನೇಜರ್‌ಗೆ ಕೈ ಮುಗಿದರು.

"ನಿಲ್ಸಿದ್ರೆ ಫೇಲ್ ಮಾವ. ನೀವು ಹೋಗದೆ ಗಿರಾಕಿಗಳು ದೂರು ಕೊಟ್ರೂ ಫೇಲೇ."

ಕ್ಯಾಷಿಯರಮ್ಮ ಸುಮ್ಮನಿದ್ದಾಳೆಯೇ? "ಹೋಗ್ಬನ್ನಿ ಮಾವ. ಬಾಯಿ ನಿಮ್ದೇ ತಾನೆ?"

ದರ್ಜಿಯ ಅಂಗಡಿಯಲ್ಲಿ ಅಣ್ಣತಮ್ಮಂದಿರು ಮಾವನನ್ನು ನಡುವೆ ನಿಲ್ಲಿಸಿಕೊಂಡು ಕೂಗಾಡಿದರು. ಮಾವ ಒಂದು ಮಾತು ಆಡಿದ್ದೇ ತಡ, "ನಮ್ಮ ಮನೆ ವಿಷ್ಯದಲ್ಲಿ ಮೂಗು ತೂರಿಸೋಕೆ ನೀವ್ಯಾರ್ರೀ?" ಎಂದು ಇಬ್ಬರೂ ಒಟ್ಟಾಗಿ ಅವರ ಮೇಲೆ ಬಿದ್ದರು. ಗೋಡೆಯ ಮಾತು ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಮೇಷ್ಟರ ಪಕ್ಕ ಕೂತಿದ್ದಾಗ ನರ್ಸ್ ಬಂದು, ಯಾರೆಂದು ಕೇಳದೆ, ಮಾವನ ಕಣ್ಣಿಗೂ ಹನಿ ಬಿಟ್ಟಳು. ಜಗತ್ತೆಲ್ಲ ಮಂಜಾಯಿತು.

"ಒಂದು ಹೇಳ್ಲಾ?" ಎಂದರು ಮೇಷ್ಟರು. "ನೀವು ಬರ್ತೀನಿ ಅಂದಾಗೆಲ್ಲ ನಾನು ಎರಡು ಲೋಟ ಟೀ ಮಾಡ್ತಿದ್ದೆ. ಆಮೇಲೆ ಎರಡನ್ನೂ ನಾನೇ ಕುಡೀತಿದ್ದೆ. ಇವತ್ತು ಬಂದ್ರಲ್ಲ, ಖುಷಿ ಆಯ್ತು."

ಮಾವನಿಗೆ ನಿಜಕ್ಕೂ ನಾಚಿಕೆಯಾಯಿತು. ಇಷ್ಟು ವರ್ಷ ತಾವು ಗಾಳಿಗೆ ತೂರಿದ ಮಾತನ್ನು ಯಾರೋ ಒಬ್ಬರು ಹಿಡಿದಿಟ್ಟುಕೊಂಡು ಕಾದಿದ್ದರು. ಮಾತಿಗೆ ಬೆಲೆ ಇದೆಯೆಂದು ತಿಳಿಯಲು ಯಂತ್ರ ಬರಬೇಕಾಯಿತೇ ಎಂದು ಅವರಿಗೆ ಬೇಸರವೂ ಆಯಿತು. ಮೇಷ್ಟರ ಕೈ ಹಿಡಿದುಕೊಂಡರು.

ಅಲ್ಲಿಂದ ಮಂಜುಗಣ್ಣಿನಲ್ಲೇ ಲೆಕ್ಕ ಹೇಳಿಕೊಡಲು ಹೋದರು. "ಮಾವ, ಅದು ಒಂದಲ್ಲ, ಏಳು," ಎಂದು ಹುಡುಗಿಯೇ ಇವರಿಗೆ ಪಾಠ ಮಾಡಿ ಕಳಿಸಿದಳು.

ಕಣ್ಣೊರೆಸಿಕೊಳ್ಳುತ್ತ ಆಫೀಸಿಗೆ ಬಂದಾಗ ಮ್ಯಾನೇಜರ್ ಎದ್ದು ಬಂದು ಕೈ ಕುಲುಕಿದಳು. "ಪಾಸ್ ಮಾವ! ಒಬ್ಬ ಗಿರಾಕಿಯೂ ಕೈ ತಪ್ಪಿಲ್ಲ. ಇನ್ನು ನಿಮ್ಮನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ."

ಮಾವ ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ಸದ್ಯ. ಇನ್ಮೇಲೆ ಎಲ್ಲಿಗೆ ಹೋಗ್ಬೇಕೋ ನಾನೇ ಹೇಳ್ತೀನಿ, ನಾನೇ ಹೋಗ್ತೀನಿ. ಆ ಯಂತ್ರದ ಬಾಯಿಂದ 'ಬರ್ತೀನಿ' ಅನ್ನೋದನ್ನ ತೆಗೆಸಿಬಿಡಮ್ಮ."

"ಅಯ್ಯೋ, ಹೆಡ್ ಆಫೀಸಿನವರು ಮೆಚ್ಚಿರೋದೇ ಅದನ್ನ! ನಾಳೆಯಿಂದ ಎಲ್ಲ ಶಾಖೆಗೂ ನಿಮ್ಮ ದನಿಯೇ."

"ಎಲ್ಲ ಶಾಖೆಗೂ? ಅಷ್ಟು ಜನರ ಮನೆಗೆ ಹೋಗೋರ್ಯಾರು?"

"ದೊಡ್ಡ ಸಾಹೇಬ್ರಿಗೂ ಅದೇ ಅನುಮಾನ ಬಂತು. ಕೇಳೋಣ ಅಂತ ನಿಮಗೆ ಫೋನ್ ಮಾಡಿದ್ರು. ನೀವು ಆಸ್ಪತ್ರೇಲಿದ್ರಿ." ಮ್ಯಾನೇಜರ್ ನೆಲ ನೋಡಿದಳು. "ಫೋನ್ ತೆಗೆದಿದ್ದು ಯಂತ್ರ. ಮೊದಲು ಸಾಹೇಬ್ರ ಮಂಡಿ ನೋವು ವಿಚಾರಿಸ್ತು. ಆಮೇಲೆ..."

ಆಮೇಲೆ ಏನೆಂದು ಮಾವ ಕೇಳಲಿಲ್ಲ. ಅಷ್ಟರಲ್ಲಿ ಅವರ ಫೋನಿಗೆ ನಾಳೆಯ ಮೊದಲ ಭೇಟಿಯ ಸಂದೇಶ ಬಂದಿತ್ತು. ಮಂಜುಗಣ್ಣಿನಲ್ಲಿ ಊರಿನ ಹೆಸರು ಕಾಣಲಿಲ್ಲ. ಬಸ್ಸು ಬೆಳಗಿನ ಜಾವಕ್ಕೆ ಎಂಬುದು ಮಾತ್ರ ಸ್ಪಷ್ಟವಾಗಿ ಕಂಡಿತು.